ಮರಿಯ ಹಿಂಗಾಲು, ತಾಯಿಯ ತಾಮ್ರ

ಹುಟ್ಟಿದಾಗ ಗಟ್ಟಿಮುಟ್ಟಾಗಿದ್ದ ಮೇಕೆಮರಿ ಒಂದೆರಡು ತಿಂಗಳಾಗುತ್ತಲೇ ನಡೆಯುವಾಗ ಹಿಂದಿನಿಂದ ತೂರಾಡತೊಡಗುತ್ತದೆ. ಮಂದೆ ಓಡಿದರೆ ತಾನೂ ಓಡಲು ಹೋಗಿ, ಸೊಂಟ ಒಂದು ಕಡೆಗೆ ವಾಲಿ ಕುಸಿಯುತ್ತದೆ. ಎತ್ತಿ ನಿಲ್ಲಿಸಿದರೆ ಹಿಂಗಾಲುಗಳನ್ನು ಅಗಲಿಸಿ ನಿಲ್ಲುತ್ತದೆ, ನಾಲ್ಕು ಹೆಜ್ಜೆ ಇಟ್ಟು ಮತ್ತೆ ಬೀಳುತ್ತದೆ. ಜ್ವರವಿಲ್ಲ, ಭೇದಿಯಿಲ್ಲ. ಕಣ್ಣು ಚುರುಕಾಗಿಯೇ ಇದೆ. ತಾಯಿಯ ಹತ್ತಿರ ಹಿಡಿದರೆ ಕೆಚ್ಚಲಿಗೆ ಬಾಯಿ ಹಾಕಿ ಆಸೆಯಿಂದ ಹಾಲು ಕುಡಿಯುತ್ತದೆ. ದಿನ ಕಳೆದಂತೆ ಮುಂಗಾಲು ಊರಿ, ಹಿಂಭಾಗವನ್ನು ನೆಲಕ್ಕೆ ಹಚ್ಚಿ ಕೂರುತ್ತದೆ. ಆಮೇಲೆ ಮುಂಗಾಲೂ ಸೋಲುತ್ತದೆ. ಕೊನೆಗೆ ಮರಿ ಸಾಯುವುದು ಹಸಿವಿನಿಂದ, ಇಲ್ಲವೇ ಮಲಗಿದಲ್ಲೇ ಹಿಡಿದ ನ್ಯುಮೋನಿಯಾದಿಂದ.

ಆಂಧ್ರದ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗದ ಕಡೆಯ ಕನ್ನಡದ ಹಟ್ಟಿಗಳಲ್ಲಿ ಇಂಥ ಮರಿಯನ್ನು ನೋಡಿದವರು 'ಸೊಂಟ ಬಿದ್ದೈತೆ' ಎನ್ನುತ್ತಾರೆ. ಗಾಳಿ ಸೋಕಿದೆ ಎನ್ನುವವರೂ ಇದ್ದಾರೆ, ಯಾರೋ ತುಳಿದಿರಬೇಕು ಎನ್ನುವವರೂ ಇದ್ದಾರೆ. ಈ ಲಕ್ಷಣಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಜಗತ್ತಿನಾದ್ಯಂತ ಚೆನ್ನಾಗಿ ಅಧ್ಯಯನವಾಗಿರುವುದು, ನಮ್ಮಲ್ಲಿ ಅಷ್ಟಾಗಿ ಗಮನಕ್ಕೆ ಬಾರದಿರುವುದು ತಾಮ್ರದ ಕೊರತೆ. ಪಶುವೈದ್ಯ ಗ್ರಂಥಗಳು ಇದನ್ನು ಎನ್‌ಝೂಟಿಕ್ ಅಟಾಕ್ಸಿಯಾ ಎಂದೂ ಸ್ವೇಬ್ಯಾಕ್ ಎಂದೂ ಕರೆಯುತ್ತವೆ. ಈ ರೋಗ ಕಣ್ಣಿಗೆ ಬೀಳುವುದು ಮರಿಯಲ್ಲಿ, ಬೇರು ಬಿಟ್ಟಿರುವುದು ತಾಯಿಯಲ್ಲಿ. ಹಾಗಾಗಿ ಬಿದ್ದ ಮರಿಗೆ ಏನು ಕೊಡೋಣ ಎಂದು ಕೇಳುವ ಮೊದಲು, ಉಳಿದ ಮಂದೆಯ ಸ್ಥಿತಿ ಏನು ಎಂದು ಕೇಳಬೇಕು. ಈ ಲೇಖನದ ಒಟ್ಟು ವಾದ ಅದೇ.

ತಾಮ್ರ ಮಾಡುವ ಕೆಲಸ

ಆಡು ಕುರಿಗಳಿಗೆ ಬೇಕಾದ ತಾಮ್ರ ಬಹಳ ಕಡಿಮೆ. ಒಂದು ಕೆ.ಜಿ. ಒಣ ಮೇವಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುವಷ್ಟು. ಆದರೂ ದೇಹದ ಹಲವು ಮುಖ್ಯ ಕಿಣ್ವಗಳು ತಾಮ್ರವಿಲ್ಲದೆ ನಡೆಯುವುದಿಲ್ಲ. ಜೀವಕೋಶ ಆಮ್ಲಜನಕವನ್ನು ಬಳಸಿ ಶಕ್ತಿ ಪಡೆಯುವುದಕ್ಕೆ ಸೈಟೋಕ್ರೋಮ್ ಆಕ್ಸಿಡೇಸ್ ಬೇಕು. ಕೂದಲಿಗೆ ಬಣ್ಣ ಬರುವುದಕ್ಕೆ ಟೈರೋಸಿನೇಸ್ ಬೇಕು. ಮೂಳೆಯೂ ರಕ್ತನಾಳವೂ ಗಟ್ಟಿಯಾಗುವುದಕ್ಕೆ ಲೈಸಿಲ್ ಆಕ್ಸಿಡೇಸ್ ಬೇಕು. ಕಬ್ಬಿಣವನ್ನು ರಕ್ತಕ್ಕೆ ಒದಗಿಸುವುದರಲ್ಲೂ ತಾಮ್ರದ ಪಾಲಿದೆ. ಹೀಗಾಗಿ ಕೊರತೆಯಾದ ಮಂದೆಯಲ್ಲಿ ರಕ್ತಹೀನತೆ, ಸೊರಗು, ಸುಲಭವಾಗಿ ಮುರಿಯುವ ಮೂಳೆ, ಕಂದು ಬಣ್ಣಕ್ಕೆ ತಿರುಗುವ ಕಪ್ಪು ಕೂದಲು ಕಾಣಬಹುದು. ಉಣ್ಣೆಯ ಕುರಿಯಾದರೆ ಎಳೆಯ ಸುರುಳಿ ಹೋಗಿ ತಂತಿಯ ಹಾಗೆ ನೆಟ್ಟಗಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ನರಮಂಡಲಕ್ಕೆ. ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಮೆದುಳು ಕಳಿಸಿದ ಸಂದೇಶ ಕಾಲಿಗೆ ತಡವಿಲ್ಲದೆ, ತಪ್ಪಿಲ್ಲದೆ ತಲುಪುವುದು ಅದರಿಂದ. ಈ ಹೊದಿಕೆ ಬಹುಮಟ್ಟಿಗೆ ಮರಿ ಗರ್ಭದಲ್ಲಿರುವಾಗಲೇ ಸಿದ್ಧವಾಗುತ್ತದೆ. ಕುರಿಯ ಗರ್ಭಾವಧಿ ಸುಮಾರು 150 ದಿನ. ಅದರಲ್ಲಿ 90ನೇ ದಿನದ ಆಸುಪಾಸು ಮೆದುಳಿನಲ್ಲಿ, ಮರಿ ಹುಟ್ಟಲು 20 ದಿನ ಇರುವಾಗ ಬೆನ್ನುಹುರಿಯಲ್ಲಿ ಮಯಲಿನ್ ರಚನೆ ಬಹಳ ಬಿರುಸಾಗಿ ನಡೆಯುತ್ತದೆ. ಆ ಹೊತ್ತಿಗೆ ತಾಯಿಯ ಪಿತ್ತಜನಕಾಂಗದಲ್ಲಿ ತಾಮ್ರದ ದಾಸ್ತಾನು ಬರಿದಾಗಿದ್ದರೆ ಮರಿಯ ಪಾಲಿಗೆ ಬರುವುದು ಏನೂ ಉಳಿಯುವುದಿಲ್ಲ. ತಾಯಿ ಹೊರನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಮರಿಯ ನರತಂತು ಮಾತ್ರ ಹೊದಿಕೆಯಿಲ್ಲದೆ, ಇಲ್ಲವೇ ದುರ್ಬಲ ಹೊದಿಕೆಯೊಡನೆ ಬೆಳೆಯುತ್ತದೆ.

ಕುರಿಮರಿಯಲ್ಲೂ ಮೇಕೆಮರಿಯಲ್ಲೂ ರೋಗ ಒಂದೇ ರೀತಿ ಕಾಣಿಸಿಕೊಳ್ಳುವುದಿಲ್ಲ. ಕುರಿಮರಿಗಳಲ್ಲಿ ಹುಟ್ಟಿನಿಂದಲೇ ಬರುವ ತೀವ್ರ ರೂಪ ಹೆಚ್ಚು. ಅವು ಏಳಲಾರವು, ಕೆಲವಕ್ಕೆ ಕಣ್ಣೂ ಕಾಣದು. ಮೆದುಳಿನ ಬಿಳಿಭಾಗ ಕರಗಿ ಒಳಗೆ ಪೊಳ್ಳಾಗಿರುವುದೂ ಉಂಟು. ಮೇಕೆಮರಿಗಳಲ್ಲಿ ಹೆಚ್ಚಾಗಿ ಕಾಣುವುದು ತಡವಾಗಿ ಬರುವ ರೂಪ. ಹುಟ್ಟಿ ಕೆಲವು ವಾರಗಳಿಂದ ಮೂರು ನಾಲ್ಕು ತಿಂಗಳ ನಡುವೆ, ಕೆಲವೊಮ್ಮೆ ಆರು ತಿಂಗಳವರೆಗೂ ಶುರುವಾಗಬಹುದು. ಮೆದುಳುಕಾಂಡದ ಮತ್ತು ಬೆನ್ನುಹುರಿಯ ನರಕೋಶಗಳು ಹಾಳಾಗುತ್ತವೆ. ಮೇಕೆಗಳಲ್ಲಿ ಸಮತೋಲ ನೋಡಿಕೊಳ್ಳುವ ಕಿರುಮೆದುಳೂ ಸರಿಯಾಗಿ ಬೆಳೆಯದೆ ತಲೆ ನಡುಗುವುದನ್ನು ಕಾಣಬಹುದು. ಚೆನ್ನಾಗಿದ್ದ ಮರಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಸಾಕಿದವರು ಗಾಬರಿಪಡುವುದು ಈ ತಡದಿಂದ. ಕೊರತೆ ಹೊಸದಲ್ಲ, ಕಣ್ಣಿಗೆ ಬಿದ್ದದ್ದು ಈಗ ಅಷ್ಟೇ.

ಜಗತ್ತು ಕಲಿತದ್ದು

ಈ ರೋಗದ ಗುಟ್ಟು ಮೊದಲು ಬಿಚ್ಚಿಕೊಂಡದ್ದು ಪಶ್ಚಿಮ ಆಸ್ಟ್ರೇಲಿಯದಲ್ಲಿ. ಪರ್ತ್ ನಗರದ ಉತ್ತರಕ್ಕಿರುವ ಗಿಂಗಿನ್ ಎಂಬ ಪ್ರದೇಶದಲ್ಲಿ ಕುರಿಮರಿಗಳು ಹೀಗೆ ಸೊಂಟ ಬಿದ್ದು ಸಾಯುತ್ತಿದ್ದವು. ಪಶುವೈದ್ಯ ಬೆನೆಟ್ಸ್ ಮತ್ತು ಸಹೋದ್ಯೋಗಿ ಚಾಪ್‌ಮನ್ 1937ರಲ್ಲಿ ಇದನ್ನು ತಾಯಿಕುರಿಗಳ ತಾಮ್ರದ ಕೊರತೆಗೆ ಜೋಡಿಸಿ ತೋರಿಸಿದರು. ಅದೇ ದಶಕದ ಕೊನೆಗೆ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಇನ್ನಿಸ್, ಶಿಯರರ್ ಮೊದಲಾದವರು ಗಬ್ಬದ ಕುರಿಗಳಿಗೆ ತಾಮ್ರ ಕೊಟ್ಟು ಮರಿಗಳ ಸ್ವೇಬ್ಯಾಕ್ ತಡೆದರು. 1960ರ ದಶಕದಲ್ಲಿ ಕೀನ್ಯಾದಿಂದ ಮೇಕೆಗಳಲ್ಲೂ ಇಂಥದೇ ರೋಗದ ವರದಿ ಬಂತು.

ಮನುಷ್ಯರ ವೈದ್ಯಕ್ಕೂ ಕುರಿಗಳು ದಾರಿ ತೋರಿಸಿದವು. 1962ರಲ್ಲಿ ಅಮೆರಿಕದ ವೈದ್ಯ ಜಾನ್ ಮೆಂಕಿಸ್ ಗಂಡುಮಕ್ಕಳಲ್ಲಿ ವಂಶಪಾರಂಪರ್ಯವಾಗಿ ಬರುವ ಒಂದು ಮಾರಕ ನರರೋಗವನ್ನು ವಿವರಿಸಿದ್ದರು. ಆ ಮಕ್ಕಳ ಕೂದಲು ವಿಚಿತ್ರವಾಗಿ ಒರಟಾಗಿರುತ್ತಿತ್ತು. ಹತ್ತು ವರ್ಷಗಳ ನಂತರ ಮೆಲ್ಬರ್ನ್‌ನ ಡೇವಿಡ್ ಡ್ಯಾಂಕ್ಸ್ ಆ ಕೂದಲನ್ನು ನೋಡಿ, ತಾಮ್ರ ಕಡಿಮೆಯಾದ ಆಸ್ಟ್ರೇಲಿಯದ ಕುರಿಗಳ ಉಣ್ಣೆಯನ್ನು ನೆನೆದರು. ಪರೀಕ್ಷಿಸಿದಾಗ ಆ ಮಕ್ಕಳ ದೇಹ ತಾಮ್ರವನ್ನು ಹೀರಿಕೊಳ್ಳುತ್ತಿಲ್ಲ ಎಂಬುದು ತಿಳಿಯಿತು. ಕುರಿಗಾಹಿಯ ಕಣ್ಣಿಗೆ ಬಿದ್ದ ಒಂದು ಸಣ್ಣ ಲಕ್ಷಣ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬ್ರಿಟನ್ನಿನ ಅನುಭವದಿಂದ ಇನ್ನೆರಡು ಪಾಠಗಳಿವೆ. ಒಂದೇ ಹುಲ್ಲುಗಾವಲಿನಲ್ಲಿ ಮೇಯ್ದರೂ ಸ್ಕಾಟಿಷ್ ಬ್ಲ್ಯಾಕ್‌ಫೇಸ್ ತಳಿಯಲ್ಲಿ ರೋಗ ಹೆಚ್ಚು, ವೆಲ್ಷ್ ತಳಿಯಲ್ಲಿ ಕಡಿಮೆ. ತಾಮ್ರ ಹೀರುವ ಶಕ್ತಿ ತಳಿಯಿಂದ ತಳಿಗೆ ಬೇರೆ. ಇನ್ನೊಂದು, ಹಿಮ ಬಿದ್ದು ಕುರಿಗಳಿಗೆ ಕೈಯಿಂದ ಮೇವು ಹಾಕಿದ ಕಠಿಣ ವರ್ಷಗಳಲ್ಲಿ ರೋಗ ಕಡಿಮೆ, ಹೊರಗೆ ಬಿಟ್ಟು ಮೇಯಿಸಿದ ಹಿತವಾದ ಚಳಿಗಾಲದ ನಂತರ ಹೆಚ್ಚು. ಹಸಿರು ಚೆನ್ನಾಗಿದ್ದ ವರ್ಷ ಮರಿಗಳೂ ಕ್ಷೇಮ ಎಂದು ಮೊದಲೇ ತೀರ್ಮಾನಿಸುವಂತಿಲ್ಲ.

ಕೆಮ್ಮಣ್ಣಿನ ಸೀಮೆಯ ಪ್ರಶ್ನೆ

2022ರ ಏಪ್ರಿಲ್‌ನಲ್ಲಿ ಆಂಧ್ರ ಜಿಲ್ಲೆಗಳನ್ನು ವಿಂಗಡಿಸಿದಾಗ ಹಿಂದೂಪುರ, ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ, ರಾಯದುರ್ಗ ಅನಂತಪುರದಲ್ಲೇ ಉಳಿದವು. ಗಡಿ ಯಾವುದಾದರೂ ನೆಲ ಒಂದೇ. ಪಾವಗಡ, ಮಧುಗಿರಿ, ಚಳ್ಳಕೆರೆಯ ಕಡೆಯ ಕೆಂಪು ಮರಳುಮಣ್ಣೇ ಇಲ್ಲೂ ಹಾಸಿದೆ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸಿನ ಮಳೆ, ಅದೂ ನೆಚ್ಚಿಕೊಳ್ಳುವಂತಿಲ್ಲ. ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ ಮೇಕೆ. 2019ರ ಜಾನುವಾರು ಗಣತಿಯ ಪ್ರಕಾರ ಆಂಧ್ರದಲ್ಲಿ ಸುಮಾರು 1.76 ಕೋಟಿ ಕುರಿ, 55 ಲಕ್ಷ ಮೇಕೆಗಳಿವೆ. ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿ, 61 ಲಕ್ಷ ಮೇಕೆ. ಕುರುಬರು, ಗೊಲ್ಲರು, ನಾಯಕರ ಹಟ್ಟಿಗಳಲ್ಲಿ ಬಳ್ಳಾರಿ, ನೆಲ್ಲೂರು ಕುರಿಗಳ ಜತೆಗೇ ನಾಲ್ಕಾರು ಮೇಕೆಗಳೂ ಒಂದೇ ರೊಪ್ಪದಲ್ಲಿರುತ್ತವೆ. ಈ ಮಿಶ್ರ ಮಂದೆ ಮುಂದೆ ಚಿಕಿತ್ಸೆಯ ಮಾತು ಬಂದಾಗ ಬಹಳ ಮುಖ್ಯವಾಗುತ್ತದೆ.

ಈ ನೆಲದಲ್ಲಿ ತಾಮ್ರ ಕಡಿಮೆಯೇ? ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸೂಕ್ಷ್ಮ ಪೋಷಕಾಂಶ ಯೋಜನೆ ದೇಶದಾದ್ಯಂತ ಮಣ್ಣು ಪರೀಕ್ಷಿಸಿ, ಸುಮಾರು ಶೇ 36ರಷ್ಟು ಮಾದರಿಗಳಲ್ಲಿ ಸತು ಸಾಲದು, ತಾಮ್ರ ಸಾಲದಿರುವುದು ಶೇ 4ರಷ್ಟರಲ್ಲಿ ಮಾತ್ರ ಎಂದು ತೋರಿಸಿದೆ. ಇದನ್ನು ನೋಡಿ ನಮಗೆ ತಾಮ್ರದ ಚಿಂತೆಯಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರದ ಅದಿರನ್ನೇ ತೆಗೆಯುತ್ತಿದ್ದರು. ಆದರೆ ಬೆಟ್ಟದೊಳಗಿನ ತಾಮ್ರ ಬೇರೆ, ಹುಲ್ಲಿಗೆ ಬಂದ ತಾಮ್ರ ಬೇರೆ, ಮೇಕೆಯ ರಕ್ತಕ್ಕೆ ಸೇರಿದ ತಾಮ್ರ ಬೇರೆ. ಪ್ರತಿ ಮೆಟ್ಟಿಲಲ್ಲೂ ಅದನ್ನು ತಡೆಯುವ ವಸ್ತುಗಳಿವೆ.

ಅವುಗಳಲ್ಲಿ ಮೊದಲನೆಯದು ಮಾಲಿಬ್ಡಿನಂ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಮಾಲಿಬ್ಡಿನಂ ಮತ್ತು ಗಂಧಕ ಸೇರಿ ಥಯೋಮಾಲಿಬ್ಡೇಟ್ ಎಂಬ ಸಂಯುಕ್ತವಾಗುತ್ತದೆ. ಅದು ತಾಮ್ರವನ್ನು ಬಿಗಿಯಾಗಿ ಹಿಡಿದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮೇವಿನಲ್ಲಿ ಮಾಲಿಬ್ಡಿನಂಗಿಂತ ಆರರಿಂದ ಹತ್ತು ಪಟ್ಟು ತಾಮ್ರವಿದ್ದರೆ ಒಳ್ಳೆಯದು. ಎರಡು ಪಟ್ಟಿಗಿಂತ ಕೆಳಗಿಳಿದರೆ ಅಪಾಯ. ಅಂದರೆ ಮೇವಿನಲ್ಲಿ ಸಾಕಷ್ಟು ತಾಮ್ರವಿದ್ದೂ ಪ್ರಾಣಿ ತಾಮ್ರವಿಲ್ಲದೆ ಸೊರಗಬಹುದು. ಮಣ್ಣು ಕ್ಷಾರವಾದಷ್ಟೂ ಗಿಡಗಳು ಮಾಲಿಬ್ಡಿನಂ ಹೆಚ್ಚು ಹೀರುತ್ತವೆ. ದ್ವಿದಳ ಸಸ್ಯಗಳಿಗೆ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯಲು ಅದು ಬೇಕೇ ಬೇಕು. ಕಡಲೆಕಾಯಿ ಬಳ್ಳಿಯೇ ಮುಖ್ಯ ಒಣಮೇವಾಗಿರುವ ಈ ಭಾಗದಲ್ಲಿ ಅದನ್ನು ಪರೀಕ್ಷೆಗೆ ಕಳಿಸುವುದು ಮೊದಲ ಕೆಲಸವಾಗಬೇಕು.

ಇದು ಊಹೆಯ ಮಾತಲ್ಲ ಎನ್ನಲು ತೆಲುಗು ನಾಡಿನದೇ ಒಂದು ಹಳೆಯ ಪ್ರಕರಣವಿದೆ. 1970ರ ದಶಕದಲ್ಲಿ ನಲ್ಗೊಂಡ ಜಿಲ್ಲೆಯ ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ಮಕ್ಕಳ ಮಂಡಿಗಳು ಒಳಕ್ಕೆ ಬಾಗುತ್ತಿದ್ದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪರಿಶೀಲಿಸಿದಾಗ ಫ್ಲೋರೈಡ್ ಒಂದೇ ಕಾರಣವಲ್ಲ ಎನಿಸಿತು. ಕ್ಷಾರ ಮಣ್ಣಿನ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿರುವುದು, ಅಂಥ ಜೋಳ ತಿಂದವರ ಮೂತ್ರದಲ್ಲಿ ತಾಮ್ರ ಹೆಚ್ಚಾಗಿ ಹೊರಹೋಗುವುದು ಅವರ ಪ್ರಯೋಗಗಳಲ್ಲಿ ಕಂಡಿತು. ಫ್ಲೋರೈಡ್ ನೀರು, ಆಳದ ಬೋರ್‌ವೆಲ್, ಬಡ ಮಣ್ಣು ಇವೆಲ್ಲ ಅನಂತಪುರಕ್ಕೂ ಪಾವಗಡಕ್ಕೂ ಚಿರಪರಿಚಿತ. ಮನುಷ್ಯರ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನು ಮೇಕೆಗಳ ವಿಷಯದಲ್ಲೂ ಕೇಳಲು ಇಷ್ಟು ಆಧಾರ ಸಾಕು.

ಎರಡನೆಯ ಅಡ್ಡಿ ಕಬ್ಬಿಣ. ಬೇಸಿಗೆಯಲ್ಲಿ ಹುಲ್ಲು ನೆಲಕ್ಕಂಟಿದಾಗ ಪ್ರಾಣಿಗಳು ಹುಲ್ಲಿನ ಜತೆ ಮಣ್ಣನ್ನೂ ನುಂಗುತ್ತವೆ. ಈ ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದಿಂದ. ಹೊಟ್ಟೆಗೆ ಹೋದ ಹೆಚ್ಚಿನ ಕಬ್ಬಿಣವೂ ತಾಮ್ರ ಸೇರದಂತೆ ತಡೆಯುತ್ತದೆ. ಗಂಧಕ ಹೆಚ್ಚಿರುವ ನೀರು ಮೂರನೆಯದು. ಮೇಕೆಗೆ ಒಂದು ಅನುಕೂಲವಿದೆ. ಅದು ಕುರಿಯಂತೆ ನೆಲಕ್ಕೆ ಬಾಯಿ ಹಚ್ಚದೆ, ಜಾಲಿ, ಕಾರೆ, ಎಲಚಿಯ ಗಿಡಗಳ ಸೊಪ್ಪನ್ನು ನಿಂತು ಮೇಯುತ್ತದೆ. ಕುರುಚಲು ಕಾಡು ಬೋಳಾದಂತೆ, ಕಟ್ಟಿ ಸಾಕುವುದು ಹೆಚ್ಚಿದಂತೆ ಆ ವೈವಿಧ್ಯ ಹೋಗಿ ಮೇಕೆ ಒಂದೆರಡು ಬಗೆಯ ಒಣಮೇವಿನ ಮೇಲೆ ನಿಲ್ಲುತ್ತದೆ. ಆಗ ಅಪಾಯವೂ ಹತ್ತಿರ ಬರುತ್ತದೆ.

ಸೊಂಟ ಬಿದ್ದದ್ದೆಲ್ಲ ತಾಮ್ರವಲ್ಲ

ಹಿಂಗಾಲು ಸೋತ ಪ್ರತಿ ಮರಿಗೂ ತಾಮ್ರದ ಹಣೆಪಟ್ಟಿ ಹಚ್ಚುವುದು ಅಷ್ಟೇ ದೊಡ್ಡ ತಪ್ಪು. ಸೆಲೆನಿಯಂ ಮತ್ತು ಇ ವಿಟಮಿನ್ ಕೊರತೆಯಲ್ಲಿ ಕೆಡುವುದು ಸ್ನಾಯು. ಮರಿ ಸೆಟೆದು, ನೋವಿನಿಂದ ನಡೆಯುತ್ತದೆ. ಸತ್ತ ಮರಿಯ ತೊಡೆಯ ಮಾಂಸದಲ್ಲಿ ಬಿಳಿ ಗೆರೆಗಳಿರುತ್ತವೆ. ಬಿ1 ವಿಟಮಿನ್ ಕೊರತೆಯಾದ ಮರಿ ಕುರುಡಾಗಿ, ತಲೆಯನ್ನು ಹಿಂದಕ್ಕೆ ಎತ್ತಿ ಮೇಲೆ ನೋಡುತ್ತದೆ. ಬೇಗ ಇಂಜೆಕ್ಷನ್ ಸಿಕ್ಕರೆ ಅದು ಚೇತರಿಸಿಕೊಳ್ಳಬಹುದು. ಧನುರ್ವಾಯುವಿನಲ್ಲಿ ನಾಲ್ಕೂ ಕಾಲು ಮರದಂತೆ ಬಿಗಿಯುತ್ತವೆ. ನಾಯಿಯ ಲಾಡಿಹುಳುವಿನ ಮರಿಹುಳು ಮೆದುಳಲ್ಲಿ ಗುಳ್ಳೆ ಕಟ್ಟಿದರೆ ಪ್ರಾಣಿ ಒಂದೇ ಕಡೆಗೆ ಸುತ್ತು ಹೊಡೆಯುತ್ತದೆ. ಮುಖದ ಒಂದು ಪಕ್ಕ ಜೋತುಬಿದ್ದರೆ ಲಿಸ್ಟೀರಿಯಾ ಸೋಂಕನ್ನು ಅನುಮಾನಿಸಬೇಕು. ಹೊಕ್ಕುಳಿನಿಂದ ಹತ್ತಿದ ಸೋಂಕು ಬೆನ್ನೆಲುಬಿನಲ್ಲಿ ಕೀವು ಕಟ್ಟಬಹುದು. ಮೈತುಂಬ ಉಣ್ಣೆಹುಳು ಹತ್ತಿದ್ದರೂ ಕಾಲು ಸೋಲಬಹುದು. ಇವೆಲ್ಲಕ್ಕಿಂತ ಮೋಸ ಮಾಡುವುದು ಮೇಕೆಗಳ ಕೀಲಿಗೂ ಮೆದುಳಿಗೂ ಉರಿಯೂತ ತರುವ ಸಿಎಇ ವೈರಸ್. ಅದು ಎರಡರಿಂದ ನಾಲ್ಕು ತಿಂಗಳ ಮರಿಗಳ ಹಿಂಗಾಲನ್ನೇ ಹಿಡಿಯುತ್ತದೆ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಅದನ್ನು ತಾಮ್ರದ ಕೊರತೆಯಿಂದ ಬೇರ್ಪಡಿಸುವುದು ಕಷ್ಟ.

ಈ ಭಾಗಕ್ಕೇ ಹತ್ತಿರದ ಇನ್ನೊಂದು ಕಾರಣ ಬಳ್ಳಾರಿ ಜಾಲಿ. ಬರಗಾಲದಲ್ಲಿ ಅದರ ಕಾಯಿ ಮೇಕೆಗಳಿಗೆ ಆಸರೆ. ಆದರೆ ಬೇರೇನೂ ಸಿಗದೆ ಬಹುಕಾಲ ಅದನ್ನೇ ತಿಂದ ಪ್ರಾಣಿಗಳಲ್ಲಿ ಅದರ ವಿಷ ದವಡೆಯ ನರಗಳನ್ನು ಕೆಡಿಸಿ, ಬಾಯಿ ಜೋತುಬೀಳುವಂತೆ, ಮೇವು ಜಾರಿಬೀಳುವಂತೆ ಮಾಡುವುದನ್ನು ಬ್ರೆಜಿಲ್‌ನ ವಿಜ್ಞಾನಿಗಳು ದಾಖಲಿಸಿದ್ದಾರೆ. ಸೊಂಟಕ್ಕಿಂತ ಮೊದಲು ಬಾಯಿ ಸೋತಿದ್ದರೆ ನೋಡಬೇಕಾದ್ದು ಅತ್ತ.

ಪರೀಕ್ಷೆ ಯಾವುದು, ಯಾರಿಗೆ?

ಅನುಮಾನ ತೀರಿಸಿಕೊಳ್ಳಲು ಮೂರು ಕಡೆ ನೋಡಬೇಕು. ಮೊದಲನೆಯದು ಸತ್ತ ಅಥವಾ ಸಾಯುವ ಸ್ಥಿತಿಯ ಮರಿಯ ಮೆದುಳು ಮತ್ತು ಬೆನ್ನುಹುರಿ. ಅದನ್ನು ಫಾರ್ಮಲಿನ್‌ನಲ್ಲಿಟ್ಟು ಕಳಿಸಿದರೆ ಸೂಕ್ಷ್ಮದರ್ಶಕದಲ್ಲಿ ನರಕೋಶದ ಹಾನಿ ಕಾಣುತ್ತದೆ. ಎರಡನೆಯದು ಅದೇ ಮರಿಯ ಪಿತ್ತಜನಕಾಂಗದ ತುಂಡು, ತಾಮ್ರ ಅಳೆಯಲು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅದೇ ಮಂದೆಯ ಏಳೆಂಟು ತಾಯಿಮೇಕೆಗಳ ರಕ್ತ. ಲೀಟರ್ ಸೀರಂನಲ್ಲಿ ತಾಮ್ರ 0.5 ಮಿಲಿಗ್ರಾಂಗಿಂತ ಕೆಳಗಿದ್ದರೆ ಕೊರತೆಯೆಂದು ಎಚ್ಚರಗೊಳ್ಳಬೇಕು. ಆದರೆ ರಕ್ತದ ಮಟ್ಟ ಇಳಿಯುವುದು ಪಿತ್ತಜನಕಾಂಗದ ದಾಸ್ತಾನು ಮುಗಿದ ಮೇಲೆ. ರಕ್ತದಲ್ಲಿ ಸರಿಯಿದೆ ಎಂದ ಮಾತ್ರಕ್ಕೆ ದಾಸ್ತಾನು ತುಂಬಿದೆ ಎಂದಾಗದು.

ಇಲ್ಲಿ ಕೈಗೆಟಕುವ ಒಂದು ದಾರಿಯಿದೆ. ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳ ಕಸಾಯಿಖಾನೆಗಳಿಗೆ ಸುತ್ತಲ ಹಳ್ಳಿಗಳ ಪ್ರಾಣಿಗಳು ದಿನವೂ ಬರುತ್ತವೆ. ಯಾವ ಹಳ್ಳಿಯದೆಂದು ಬರೆದುಕೊಂಡು ಪ್ರತಿಯೊಂದರಿಂದ ಬೆರಳಗಲ ಪಿತ್ತಜನಕಾಂಗ ತೆಗೆದಿಟ್ಟರೆ, ಒಂದು ವರ್ಷದೊಳಗೆ ಇಡೀ ಸೀಮೆಯ ತಾಮ್ರದ ನಕ್ಷೆ ಬರೆಯಬಹುದು. ಅದಕ್ಕಾಗಿ ಒಂದು ಪ್ರಾಣಿಯನ್ನೂ ಕೊಲ್ಲಬೇಕಿಲ್ಲ, ಯಾವ ಸಾಕಣೆದಾರನಿಗೂ ಖರ್ಚು ಹಾಕಬೇಕಿಲ್ಲ.

ಮದ್ದೇ ವಿಷವಾಗುವ ಬಗೆ

ಪೂರ್ತಿ ನೆಲ ಹಿಡಿದ ಮರಿ ಎದ್ದು ಓಡಾಡುವುದಿಲ್ಲ. ಹಾಳಾದ ನರಕೋಶ ತಾಮ್ರ ಕೊಟ್ಟರೂ ಮರಳದು. ಸ್ವಲ್ಪ ತೂರಾಡುವ ಹಂತದಲ್ಲೇ ಚಿಕಿತ್ಸೆ ಸಿಕ್ಕರೆ ರೋಗ ಅಲ್ಲಿಗೆ ನಿಲ್ಲಬಹುದು. ನಿಜವಾದ ಫಲ ಸಿಗುವುದು ಗಬ್ಬದ ಮೇಕೆಗೆ ಕೊಟ್ಟಾಗ. ಜುಲೈನಲ್ಲಿ ಗಬ್ಬವಾದ ಮೇಕೆ ಡಿಸೆಂಬರ್‌ನಲ್ಲಿ ಮರಿ ಹಾಕುತ್ತದೆ. ಹಾಗಾದರೆ ತಾಮ್ರದ ಲೆಕ್ಕ ನೋಡಬೇಕಾದ್ದು ಸೆಪ್ಟೆಂಬರ್‌ಗೆ ಮೊದಲೇ. ಮರಿ ಬಿದ್ದ ಮೇಲೆ ಶುರುವಾದ ಓಡಾಟ ಮುಂದಿನ ಸೂಲಿಗಷ್ಟೇ ಉಪಯೋಗ.

ಹಾಗೆಂದು ಎಲ್ಲಕ್ಕೂ ತಾಮ್ರ ಕುಡಿಸಿಬಿಡೋಣ ಎನ್ನುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಮೇಕೆಯ ಒಂದು ಕೆ.ಜಿ. ಒಣ ಆಹಾರದಲ್ಲಿ 15ರಿಂದ 25 ಮಿಲಿಗ್ರಾಂ ತಾಮ್ರ ಇರಬೇಕು. ಕುರಿಯ ಸಹನೆಯ ಗಡಿ 15 ಮಿಲಿಗ್ರಾಂ. ಮೇಕೆಗೆ ಬೇಕಾದದ್ದು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಕುರಿಯ ಮಿತಿ ಮುಗಿಯುತ್ತದೆ. ಹೆಚ್ಚಾದ ತಾಮ್ರವನ್ನು ಕುರಿ ಹೊರಹಾಕಲಾರದೆ ತಿಂಗಳುಗಟ್ಟಲೆ ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ಒಂದು ದಿನ ದೂರದ ನಡಿಗೆಯೋ ಮೇವಿನ ಬದಲಾವಣೆಯೋ ನೆಪವಾಗಿ ಅದೆಲ್ಲ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡುಗೆಂಪಾಗುತ್ತದೆ, ಎರಡು ಮೂರು ದಿನಗಳಲ್ಲಿ ಕುರಿ ಸಾಯುತ್ತದೆ. ಮೇಕೆ ಕುರಿ ಒಂದೇ ತೊಟ್ಟಿಯಲ್ಲಿ ತಿನ್ನುವ ಮಂದೆಯಲ್ಲಿ ಒಬ್ಬರ ಮದ್ದು ಇನ್ನೊಬ್ಬರ ವಿಷವಾಗುತ್ತದೆ.

ತಾಮ್ರದ ಲವಣವಾದ ಮೈಲುತುತ್ತ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ. ತೋಟಕ್ಕೆ ಬೋರ್ಡೊ ದ್ರಾವಣ ಮಾಡುವವರಿಗೆ ಅದು ದಿನಬಳಕೆಯ ವಸ್ತು. ಹಿಂದೆ ಜಂತುಹುಳುವಿಗೂ ಅದನ್ನು ಕುಡಿಸುತ್ತಿದ್ದರು. ಅಂದಾಜಿನ ಮೇಲೆ ಚಮಚದಲ್ಲಿ ಅಳೆದು ಮಂದೆಗೆಲ್ಲ ಕುಡಿಸುವ ಅಭ್ಯಾಸವನ್ನು ಬಿಡಲೇಬೇಕು. ಕೋಳಿಗೊಬ್ಬರ, ಹಂದಿ ಮತ್ತು ಕೋಳಿಯ ಆಹಾರ, ದನಗಳ ಖನಿಜ ಮಿಶ್ರಣ ಇವುಗಳನ್ನು ಕುರಿಗೆ ಹಾಕುವಾಗಲೂ ಇದೇ ಎಚ್ಚರ ಬೇಕು. ಹೊರದೇಶಗಳಲ್ಲಿ ಬಳಸುವ ತಾಮ್ರದ ಆಕ್ಸೈಡ್ ಕ್ಯಾಪ್ಸೂಲು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ತಿಂಗಳುಗಟ್ಟಲೆ ತಾಮ್ರ ಒದಗಿಸುತ್ತದೆ. ಅದನ್ನೂ ತೂಕ ನೋಡಿ ಪಶುವೈದ್ಯರೇ ಕೊಡಬೇಕು.

ಆಗಬೇಕಾದ್ದು

ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಿದೆ. ಒಂದೊಂದು ಪ್ರದೇಶದ ಮಣ್ಣು, ಮೇವು ನೋಡಿ ಆಯಾ ಪ್ರದೇಶಕ್ಕೆಂದೇ ಖನಿಜ ಮಿಶ್ರಣ ರೂಪಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಹಿಂದೂಪುರಕ್ಕೆ ಅದು ಸುಮಾರು 100 ಕಿ.ಮೀ. ದೂರ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ತಿರುಪತಿಯಲ್ಲಿ ಶ್ರೀ ವೆಂಕಟೇಶ್ವರ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಗಡಿಯ ಒಂದು ಕಡೆಯ ಮಂದೆ ಇನ್ನೊಂದು ಕಡೆ ಮೇಯುವ ಸೀಮೆ ಇದು. ಎರಡೂ ರಾಜ್ಯಗಳು ಜತೆಗೂಡಿ ಮಾಡದ ಸಮೀಕ್ಷೆ ಇಲ್ಲಿ ಅರ್ಧವೇ ಆಗುತ್ತದೆ. ಕಡಲೆಕಾಯಿ ಬಳ್ಳಿ, ರಾಗಿಹುಲ್ಲು, ಜೋಳದ ಸೊಪ್ಪೆ, ಬೋರ್‌ವೆಲ್ ನೀರು, ಕಸಾಯಿಖಾನೆಯ ಪಿತ್ತಜನಕಾಂಗ ಈ ಐದನ್ನು ತಾಮ್ರ, ಮಾಲಿಬ್ಡಿನಂ, ಗಂಧಕ, ಕಬ್ಬಿಣಕ್ಕಾಗಿ ಪರೀಕ್ಷಿಸಿದರೆ ಮೇಕೆಗೊಂದು, ಕುರಿಗೊಂದು ಬೇರೆ ಬೇರೆ ಮಿಶ್ರಣ ತಯಾರಿಸಲು ದಾರಿಯಾಗುತ್ತದೆ. ಅದನ್ನು ಬಳಸುವ ಬಗೆಯನ್ನು ಆಂಧ್ರದ ಈ ಹಳ್ಳಿಗಳಿಗೆ ತೆಲುಗಿನ ಜತೆ ಕನ್ನಡದಲ್ಲೂ ಅಚ್ಚು ಹಾಕಿಸಬೇಕು.

ಸಾಕಣೆದಾರರ ಪಾಲಿನ ಕೆಲಸವೂ ಇದೆ. ಮರಿ ಎಷ್ಟು ದಿನದ್ದು, ಯಾವ ಕಾಲು ಮೊದಲು ಸೋತಿತು, ಜ್ವರ ಇತ್ತೇ, ತಾಯಿ ಗಬ್ಬವಿದ್ದಾಗ ಏನು ಮೇಯುತ್ತಿತ್ತು, ಹಿಂದಿನ ಸೂಲಿನಲ್ಲೂ ಹೀಗಾಗಿತ್ತೇ ಎಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕು. ಅದು ಅರ್ಧ ರೋಗಪತ್ತೆ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಆಂಬುಲೆನ್ಸ್‌ನವರು ಬಿದ್ದ ಮರಿಗೆ ಸೂಜಿ ಚುಚ್ಚಿ ಹೊರಡುವ ಮೊದಲು ಅದರ ತಾಯಿಯ, ಪಕ್ಕದ ಮೇಕೆಗಳ ರಕ್ತವನ್ನೂ ತೆಗೆದುಕೊಳ್ಳಬೇಕು. ಒಂದು ಮರಿ ಸೋತರೆ ಇಡೀ ಮಂದೆಯ ಪರೀಕ್ಷೆಯಾಗಬೇಕು ಎಂಬ ಒಂದೇ ನಿಯಮ ಜಾರಿಗೆ ಬರಲಿ. ಆ ಮರಿಯನ್ನು ಉಳಿಸಲಾಗದಿದ್ದರೂ, ಇನ್ನೂ ಹುಟ್ಟದ ಮರಿಗಳನ್ನು ಉಳಿಸುವ ಅವಕಾಶ ಈ ಸೀಮೆಯ ಬಡ ಸಾಕಣೆದಾರನಿಗೆ ಸಿಗುವುದು ಅದೊಂದರಿಂದಲೇ.